ನೂರು ಅಂದ್ರೆ ಹನ್ನೆರಡೂವರೆ

ಮನೆಯಲ್ಲೊಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದರೆ ಮುಗೀತು, ನೆಂಟರ ಫೋನು, ಪ್ರಿಂಟರು, ವೈಫೈ ಎಲ್ಲಕ್ಕೂ ಅವನೇ ಡಾಕ್ಟರ್. ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ದೂರು: "ಕೊಟ್ಟ ದುಡ್ಡಿಗೆ ತಕ್ಕ ಸ್ಪೀಡ್ ಬರ್ತಿಲ್ಲ."

ಭಟ್ಕಳದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನನ್ನ ಭಾವನದ್ದೂ ಅದೇ ದೂರು. ಮದುವೆ ಫೋಟೋಗಳನ್ನು ಆಲ್ಬಮ್ ಮಾಡಿಸಲು ಹುಬ್ಬಳ್ಳಿಗೆ ಕಳಿಸಬೇಕು. ಒಂದೊಂದು ಮದುವೆ 20 ಜಿಬಿ. "ನೂರರ ಲೈನ್ ಅಂತ ಹೇಳಿ ಹನ್ನೆರಡು ಕೊಡ್ತಾ ಇದ್ದಾನೆ ಮಾರಾಯಾ. ಈ ತಿಂಗಳ ದುಡ್ಡು ಕೊಡೂದೇ ಇಲ್ಲ" ಅಂತ ಪಟ್ಟು ಹಿಡಿದಿದ್ರು. ಸಿಟ್ಟೆಲ್ಲ ಬಿದ್ದದ್ದು ಲೈನ್ ಹುಡುಗನ ಮೇಲೆ. ಜುಲೈ ಮಳೆಯಲ್ಲೂ ಕಂಬ ಹತ್ತಿ ತಂತಿ ಸರಿಮಾಡುವ ಹುಡುಗ ಅವನು. ಬಡ್ಡಿಗೆ ಬಂದದ್ದು ಮೋಸಗಾರ ಅನ್ನೋ ಹೆಸರು.

ನಿಜ ಏನೆಂದರೆ ಆ ಲೈನು ಹೇಳಿದಷ್ಟೇ ಓಡ್ತಾ ಇತ್ತು. ಕಂಪನಿ ಹೇಳಿದ ನೂರು ಮೆಗಾಬಿಟ್, ಕಂಪ್ಯೂಟರ್ ತೋರಿಸಿದ ಹನ್ನೆರಡು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿ, ಹನ್ನೆರಡೂವರೆ. ಡೇಟಾ ಜೊತೆ ವಿಳಾಸದಂಥ ಮಾಹಿತಿಯೂ ಹೋಗಬೇಕಲ್ಲ, ಅದಕ್ಕೆ ಅರ್ಧ ಮುಕ್ಕಾಲು ಹೋಗ್ತದೆ.

ಕುಮಟಾ ಹತ್ತಿರ ಹೈವೇ ಪಕ್ಕ ಸಿಹಿ ಈರುಳ್ಳಿಯನ್ನು ಗೊಂಚಲು ಕಟ್ಟಿ ನೇತುಹಾಕಿರ್ತಾರಲ್ಲ, ಭಾವನಿಗೆ ಅದನ್ನೇ ನೆನಪಿಸಿದೆ. ಒಂದು ಗೊಂಚಲಿಗೆ ಎಂಟು ಈರುಳ್ಳಿ ಅಂತ ಇಟ್ಟುಕೊಳ್ಳಿ. ಲೈನಿನವರು ಈರುಳ್ಳಿ ಎಣಿಸ್ತಾರೆ, ಕಂಪ್ಯೂಟರ್ ಗೊಂಚಲು ಎಣಿಸ್ತದೆ. ಮಾಲು ಅಷ್ಟೇ. ತಂತಿಯಲ್ಲಿ ಬಿಟ್‌ಗಳು ಒಂದರ ಹಿಂದೊಂದು ಹೋಗ್ತವೆ, ಹಾಗಾಗಿ ಅಲ್ಲಿ ಬಿಟ್ ಲೆಕ್ಕ. ಫೈಲನ್ನು ಕಂಪ್ಯೂಟರ್ ಇಡೋದು ಬೈಟ್‌ಗಳಲ್ಲಿ, ಹಾಗಾಗಿ ಅಲ್ಲಿ ಬೈಟ್ ಲೆಕ್ಕ. ಬೈಟ್ ಅನ್ನೋ ಹೆಸರನ್ನು 1956ರಲ್ಲಿ ಕೊಟ್ಟವರು ಐಬಿಎಂನ ವರ್ನರ್ ಬುಕ್‌ಹೋಲ್ಜ್. ಬಿಟ್ ಜೊತೆ ಗೊಂದಲ ಆಗಬಾರದು ಅಂತಲೇ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಐ ಬದಲು ವೈ ಹಾಕಿದ್ರು. ಗೊಂದಲ ಮಾತ್ರ ಹೋಗಲಿಲ್ಲ ನೋಡಿ!

ನಮಗಂತೂ ಗೊಂದಲ ಇನ್ನೂ ಜಾಸ್ತಿ. ಇಂಗ್ಲಿಷಿನಲ್ಲಿ ಬಿಟ್‌ಗೆ ಸಣ್ಣ ಬಿ, ಬೈಟ್‌ಗೆ ದೊಡ್ಡ ಬಿ ಬರೀತಾರೆ. ಕನ್ನಡದಲ್ಲಿ ಸಣ್ಣಕ್ಷರ ದೊಡ್ಡಕ್ಷರ ಅಂತಲೇ ಇಲ್ಲ. ಬಾಯಲ್ಲಿ ಹೇಳುವಾಗ ಎರಡೂ 'ಎಂಬಿ'ಯೇ. ಆದ್ದರಿಂದ ಪೂರ್ತಿ ಹೆಸರು ಹೇಳೋದೇ ಕ್ಷೇಮ: ಮೆಗಾಬಿಟ್ಟಾ, ಮೆಗಾಬೈಟಾ?

ಭಾವ ಕ್ಯಾಲ್ಕುಲೇಟರ್ ತೆಗೆದು ತಾವೇ ಲೆಕ್ಕ ಹಾಕಿದ್ರು. 20 ಜಿಬಿ ಅಂದ್ರೆ 20,000 ಮೆಗಾಬೈಟ್. ಹನ್ನೆರಡೂವರೆಯಿಂದ ಭಾಗಿಸಿದರೆ 1,600 ಸೆಕೆಂಡ್, ಸುಮಾರು 27 ನಿಮಿಷ. ಅವರು ಕಾಯ್ತಿದ್ದದ್ದು ಮೂರು ಚಿಲ್ಲರೆ ನಿಮಿಷಕ್ಕೆ. ಸಂಜೆಯೇ ಹುಡುಗನಿಗೆ ದುಡ್ಡು ಹೋಯ್ತು, ಒಂದು ಚಹಾ ಕೂಡ.

ನನಗೂ ಇದೇ ಭಾಗಾಕಾರ ಕೆಲಸಕ್ಕೆ ಬಂತು. ಹೊನ್ನಾವರದ ಮನೆಯಲ್ಲಿ ಅಮ್ಮ ಒಬ್ಬರೇ. ಮಳೆಗಾಲದಲ್ಲಿ ಅಲ್ಲೇ ಇದ್ದು ಕೆಲಸ ಮಾಡಬಹುದಾ ಅಂತ ಆಫೀಸಿನಲ್ಲಿ ಕೇಳಬೇಕಿತ್ತು. ನಾನು ದಿನಾ ಬೆಳಿಗ್ಗೆ ಇಳಿಸಿಕೊಳ್ಳುವ ಫೈಲ್ 6 ಜಿಬಿ. ಮನೆಯ ಲೈನು 40 ಮೆಗಾಬಿಟ್, ಅಂದ್ರೆ 5 ಮೆಗಾಬೈಟ್: 20 ನಿಮಿಷ. ಗಾಳಿಗೆ ಮರ ಬಿದ್ದು ತಂತಿ ಹೋದರೆ ಮೊಬೈಲ್ ಹಾಟ್‌ಸ್ಪಾಟ್. ಅದು 8 ಮೆಗಾಬಿಟ್ ಕೊಟ್ಟರೂ ಒಂದು ಗಂಟೆ 40 ನಿಮಿಷ. ಹಾಗಾದ ದಿನ ಎರಡು ಗಂಟೆ ಬೇಗ ಏಳ್ತೇನೆ ಅಂತ ಮ್ಯಾನೇಜರ್‌ಗೆ ಲೆಕ್ಕ ಸಮೇತ ಮೇಲ್ ಹಾಕಿದೆ. ಒಪ್ಪಿದ್ರು. ಈ ಮಳೆಗಾಲ ಅಮ್ಮನ ಕೈಯೂಟ.

ನೀವೂ ಒಮ್ಮೆ ನೋಡಿ. ಪ್ಲ್ಯಾನಿನ ಅಂಕಿಯನ್ನು ಎಂಟರಿಂದ ಭಾಗಿಸಿ, ಡೌನ್‌ಲೋಡ್ ಆಗುವಾಗ ತೋರಿಸುವ ಅಂಕಿಗೆ ಹೋಲಿಸಿ. ವೈಫೈ ಬಿಟ್ಟು ಕೇಬಲ್ ಚುಚ್ಚಿ ನೋಡಿದರೆ ಲೆಕ್ಕ ಇನ್ನೂ ಸರಿ ಸಿಗ್ತದೆ. ನೂರರ ಲೈನಿನಲ್ಲಿ ಹನ್ನೊಂದು ಹನ್ನೆರಡು ಬಂದರೆ ಹುಡುಗನನ್ನು ಬೈಬೇಡಿ. ಮೂರೋ ನಾಲ್ಕೋ ಬಂದರೆ ಮಾತ್ರ ಬಿಡಬೇಡಿ, ಖಂಡಿತ ಕೇಳಿ.