ಗೇಟಿನ ಮೇಲಿದ್ದ ಗುಲಾಬಿ

ಹಾಸನದ ನಮ್ಮ ಮನೆಯ ಗೇಟಿನ ಮೇಲೆ ಒಂದು ಕಬ್ಬಿಣದ ಕಮಾನು ಇತ್ತು. ಕಮಾನಿನ ತುಂಬ ಅಮ್ಮ ಹಬ್ಬಿಸಿದ್ದ ಗುಲಾಬಿ. ಕಡುಗೆಂಪು ಬಣ್ಣ, ಮುಟ್ಟಿದರೆ ಮಖಮಲ್ಲು. ಹೂ ಹಳತಾದ ಹಾಗೆ ನೇರಳೆಗೆ ತಿರುಗೋದು. ತೊಟ್ಟು ಮೆತ್ತಗೆ, ಹೂವಿನ ಭಾರ ತಡೆಯದೆ ತಲೆ ಬಗ್ಗಿಸಿಕೊಂಡೇ ಇರೋದು. ಹಾಗಾಗಿ ಗೇಟಿನ ಕೆಳಗೆ ನಿಂತು ತಲೆಯೆತ್ತಿದರೆ ಎಲ್ಲ ಹೂಗಳೂ ನಮ್ಮನ್ನೇ ನೋಡ್ತಿದ್ದವು. ಇನ್ನು ಪರಿಮಳ ಕೇಳಲೇಬೇಡಿ. ಬೆಳಗ್ಗೆ ಹಾಲು ತರಲು ಗೇಟು ತೆಗೆದರೆ ಜಗುಲಿವರೆಗೂ ಬರೋದು.

ಆ ಬಳ್ಳಿಯನ್ನು ಕಡಿಸಿದವಳು ನಾನು.

2018ರ ಆಯುಧ ಪೂಜೆ. ಕೆಲಸಕ್ಕೆ ಸೇರಿ ನಾಲ್ಕು ವರ್ಷಕ್ಕೆ, ಐದು ವರ್ಷದ ಇಎಂಐ ಮೇಲೆ, ಮೊದಲ ಕಾರು ತಗೊಂಡಿದ್ದೆ. ಬಿಳಿ ಬಣ್ಣ. ಬೆಂಗಳೂರಿನಿಂದ ನಾನೇ ಓಡಿಸಿಕೊಂಡು ಬಂದೆ. ಅಪ್ಪ ಬೀದಿಯಲ್ಲಿ ನಿಂತು ‘ಬಾ, ಬಾ, ಇನ್ನೂ ಬಾ’ ಅಂತ ಕೈ ಬೀಸ್ತಿದ್ದರು. ಗೇಟಿನೊಳಗೆ ನಿಲ್ಲಿಸಿ, ಇಳಿದು ನೋಡಿದರೆ ಎಡಗಡೆ ಬಾಗಿಲ ಮೇಲೆ ಒಂದು ಮೊಳ ಉದ್ದದ ಗೀರು. ಬಳ್ಳಿಯ ಮುಳ್ಳು.

ಮಾರನೇ ದಿನ ಅಮ್ಮ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಪಕ್ಕದ ಸೈಟಿನಲ್ಲಿ ಕೆಲಸ ಮಾಡ್ತಿದ್ದ ಒಬ್ಬರನ್ನು ಕರೆದು ಐನೂರು ರೂಪಾಯಿ ಕೊಟ್ಟೆ. ‘ಬುಡ ಸಮೇತ ತೆಗೆದುಬಿಡಿ’ ಅಂದೆ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗೀತು. ಅಪ್ಪ ಪೇಪರ್ ಮಡಚಿಟ್ಟು, ‘ಅಮ್ಮನ್ನ ಒಂದು ಮಾತು ಕೇಳಬೇಕಿತ್ತೇನೋ’ ಅಂದರು. ಅಷ್ಟೇ.

ಅಮ್ಮ ಹಣ್ಣುಕಾಯಿ ಬುಟ್ಟಿ ಹಿಡಿದು ಬಂದಳು. ಬೋಳು ಕಮಾನನ್ನು ನೋಡಿದಳು, ಕಾರನ್ನು ನೋಡಿದಳು. ‘ಗೀರು ಬಿದ್ದಿತ್ತಲ್ವಾ’ ಅಂದಳು. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗ್ತಿದ್ದೆ. ಅವಳು ಬುಟ್ಟಿ ಒಳಗಿಟ್ಟು ಬಂದು, ರಸ್ತೆ ಬದಿಯ ರಾಶಿಯಿಂದ ಪೆನ್ಸಿಲ್ ದಪ್ಪದ ಏಳು ಕಡ್ಡಿ ಆರಿಸಿದಳು. ಒಂದೊಂದು ಗೇಣು ಉದ್ದಕ್ಕೆ, ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಹಳೇ ಎಣ್ಣೆ ಡಬ್ಬದ ಮಣ್ಣಿಗೆ ಚುಚ್ಚಿ ನೆರಳಿಗಿಟ್ಟಳು. ಅಷ್ಟು ಹೊತ್ತೂ ನಾನು ಕಾರು ಒರೆಸ್ತಾ ಇದ್ದೆ.

ಆ ಬಳ್ಳಿಯ ಕಥೆ ನನಗೆ ಗೊತ್ತಿರಲಿಲ್ಲ ಅಂತಲ್ಲ. ನಮ್ಮ ತಾತ ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ಬಂಗಲೆಯ ಗೋಡೆ ಮೇಲಿದ್ದ ಗುಲಾಬಿ ಅದು. ಮದುವೆಯಾಗಿ ಹಾಸನಕ್ಕೆ ಬರುವಾಗ ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಕಡ್ಡಿ ತಂದಿದ್ದಳು. ಈ ಕಥೆಯನ್ನ ಎಷ್ಟು ಸಲ ಕೇಳಿದ್ದೆ ಅಂದರೆ, ಅದಕ್ಕೆ ಬೆಲೆ ಇದೆ ಅನ್ನೋದೇ ಮರೆತುಹೋಗಿತ್ತು.

ಏಳರಲ್ಲಿ ಎರಡು ಕಡ್ಡಿ ಬೇರು ಬಿಟ್ಟವು. ಒಂದನ್ನು ಕಾಂಪೌಂಡಿನ ಮೂಲೆಗೆ ನೆಟ್ಟಳು, ಬೀದಿ ಮೇಕೆಗೆ ಊಟ ಆಯ್ತು. ಇನ್ನೊಂದನ್ನು 2019ರ ಯುಗಾದಿಗೆ ಹೋದಾಗ ನನ್ನ ಕಾರಿನ ಹಿಂದಿನ ಸೀಟಲ್ಲಿ ಇಟ್ಟಳು. ‘ನಿನ್ನ ಬಾಲ್ಕನೀಲಿ ಬಿಸಿಲಿದೆಯಲ್ಲ, ಇಟ್ಕೋ’ ಅಂದಳು. ಕಡಿಸಿದವಳ ಕೈಗೇ ಉಳಿದ ಒಂದೇ ಒಂದು ಗಿಡ.

ನಾನೂ ಮನಸ್ಸಿಟ್ಟೇ ಬೆಳೆಸಿದೆ. ಹದಿನೆಂಟು ಇಂಚಿನ ಕುಂಡ, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಯೂಟ್ಯೂಬಿನಲ್ಲಿ ಹೇಳಿದ ಹಾಗೆ ಅಕ್ಟೋಬರ್ ಬಂತು ಅಂದರೆ ಅರ್ಧಕ್ಕರ್ಧ ಕತ್ತರಿಸ್ತಿದ್ದೆ. ಉದ್ದ ಚಿಗುರು ಬಂದರೆ ‘ಇದೇನು ಹೀಗೆ ಅಡ್ಡಾದಿಡ್ಡಿ’ ಅಂತ ಅದನ್ನೂ ಕತ್ತರಿಸ್ತಿದ್ದೆ. ಎರಡು ವರ್ಷದಲ್ಲಿ ಎಲೆ ಬಂತು, ಮುಳ್ಳು ಬಂತು. ಹೂ ಮಾತ್ರ ಒಂದೂ ಇಲ್ಲ.

2021ರ ಮೇ ತಿಂಗಳಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಕೋವಿಡ್ ಬಂತು. ಆಸ್ಪತ್ರೆವರೆಗೆ ಹೋಗದೆ ಪಾರಾದರು. ಜೂನ್‌ನಲ್ಲಿ ಇಬ್ಬರನ್ನೂ ಬೆಂಗಳೂರಿಗೆ ಕರಕೊಂಡು ಬಂದೆ. ನಾನು ವರ್ಕ್ ಫ್ರಮ್ ಹೋಮ್. ಒಂದು ಮಧ್ಯಾಹ್ನ ಮೀಟಿಂಗಿನಲ್ಲಿದ್ದಾಗ ಅಡುಗೆ ಮನೆಯಿಂದ ಸೀದ ವಾಸನೆ. ಓಡಿ ಹೋಗಿ ನೋಡಿದರೆ ಬಾಣಲೆಯಲ್ಲಿ ಒಗ್ಗರಣೆ ಕರಕಲಾಗಿ ಹೊಗೆ ಬರ್ತಿದೆ, ಅಮ್ಮ ಅದರ ಪಕ್ಕದಲ್ಲೇ ಬೆನ್ನು ಹಾಕಿ ನಿಂತು ಕೊತ್ತಂಬರಿ ಸೊಪ್ಪು ಹೆಚ್ಚುತ್ತಿದ್ದಾಳೆ. ಅವಳಿಗೆ ಗೊತ್ತೇ ಆಗಿಲ್ಲ.

ಆಮೇಲೆ ಒಂದೊಂದೇ ಹೊರಗೆ ಬಂತು. ಕಾಫಿ ಬಿಸಿನೀರಿನ ಹಾಗಿದೆ. ಸಾರಿಗೆ ಇಂಗು ಬಿತ್ತೋ ಇಲ್ಲವೋ ತಿಳಿಯಲ್ಲ. ತಲೆಗೆ ಮಲ್ಲಿಗೆ ಮುಡಿಯೋದು ನಿಲ್ಲಿಸಿದ್ದಳು. ‘ಮುಡಿದರೂ ಒಂದೇ, ಬಿಟ್ಟರೂ ಒಂದೇ’ ಅಂದಳು. ‘ಯಾಕಮ್ಮ ಹೇಳಲಿಲ್ಲ’ ಅಂದರೆ, ‘ಎಷ್ಟೋ ಜನ ಜೀವಾನೇ ಕಳಕೊಂಡರು, ನಾನು ಮೂಗಿನ ಮಾತು ಎತ್ತಲಾ ಪುಟ್ಟಿ’ ಅಂತ ನನ್ನ ಬಾಯಿ ಮುಚ್ಚಿಸಿದಳು.

ಆಗಸ್ಟ್‌ನಲ್ಲಿ ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ಹೋದೆವು. ಮೂಗಿನ ವಾಸನೆಯ ನರಗಳು ಮತ್ತೆ ಹುಟ್ಟಬಲ್ಲವು, ಆದರೆ ಅವಕ್ಕೆ ಅಭ್ಯಾಸ ಕೊಡಬೇಕು ಅಂದರು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮೆಲ್ ಎಂಬ ವೈದ್ಯರ ತಂಡ 2009ರಲ್ಲೇ ಪ್ರಕಟಿಸಿದ ಪದ್ಧತಿ ಇದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ದಿನಕ್ಕೆರಡು ಸಲ, ಒಂದೊಂದನ್ನೂ ಹತ್ತು ಹದಿನೈದು ಸೆಕೆಂಡ್, ಮನಸ್ಸಿಟ್ಟು ಮೂಸಬೇಕು. ಕಡಿಮೆ ಅಂದರೆ ಹನ್ನೆರಡು ವಾರ. ಹೂವಿನ ಜಾತಿಗೊಂದು, ಹಣ್ಣಿನ ಜಾತಿಗೊಂದು, ಮಸಾಲೆಗೊಂದು, ಮರದ ಅಂಟಿನಂಥ ವಾಸನೆಗೊಂದು ಅಂತ ಈ ನಾಲ್ಕು. ಎಲ್ಲರಿಗೂ ವಾಪಸ್ ಬರುತ್ತೆ ಅಂತ ಗ್ಯಾರಂಟಿ ಇಲ್ಲ ಅಂತಲೂ ಹೇಳಿದರು.

ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ನೀಲಗಿರಿಯ ತಂಪು, ಲವಂಗದ ಚುರುಕು ವಾಸನೆಯಿಲ್ಲದ ಮೂಗಿಗೂ ಸ್ವಲ್ಪ ತಿಳಿಯುತ್ತೆ, ಅದನ್ನ ಹೇಳೋದು ಮುಖದ ಬೇರೆ ನರ. ಗುಲಾಬಿಯಲ್ಲಿ ತಂಪೂ ಇಲ್ಲ, ಉರಿಯೂ ಇಲ್ಲ, ಬರೀ ವಾಸನೆ. ಗುಲಾಬಿ ತಿಳೀತು ಅಂದರೆ ನಿಜವಾಗಿ ತಿಳೀತು ಅಂತ.

ನಿಂಬೆ ಸಿಪ್ಪೆ, ಲವಂಗ ಮನೇಲೇ ಇತ್ತು. ನೀಲಗಿರಿ ಎಣ್ಣೆ ಮೆಡಿಕಲ್ ಶಾಪಲ್ಲಿ ಸಿಕ್ತು. ಗುಲಾಬಿಗೆ ಅಂತ ಆನ್‌ಲೈನಲ್ಲಿ ಒಂದು ಎಣ್ಣೆ ತರಿಸಿದೆ. ನನಗೇ ಅದು ಅಗರಬತ್ತಿ ಪೊಟ್ಟಣದ ಹಾಗೆ ಅನ್ನಿಸ್ತು. ಅಮ್ಮ ಮೂಸಿ ಪಕ್ಕಕ್ಕಿಟ್ಟು ಕೇಳಿದಳು, ‘ನಮ್ಮ ಗುಲಾಬಿ ಹೂ ಬಿಡ್ತಿಲ್ವಾ?’

ಎರಡು ವರ್ಷದಿಂದ ತಪ್ಪಿಸಿಕೊಂಡು ಬಂದಿದ್ದ ಪ್ರಶ್ನೆ. ಬಾಲ್ಕನಿಗೆ ಕರಕೊಂಡು ಹೋದೆ. ಗಿಡದ ಸುತ್ತ ಒಂದು ಸುತ್ತು ನೋಡಿ, ‘ಇದರ ತಲೆ ಕಡೀತಾ ಇದೀಯಾ?’ ಅಂದಳು. ‘ಗುಲಾಬಿ ಅಲ್ವಾ, ಪ್ರೂನಿಂಗ್ ಮಾಡಬೇಕಲ್ಲ’ ಅಂದೆ. ‘ಅದು ಗಿಡಕ್ಕೆ ಪುಟ್ಟಿ. ಇದು ಬಳ್ಳಿ. ಕಡೀಬಾರದು, ಬಗ್ಗಿಸಬೇಕು.’

ತನ್ನ ಹಳೇ ವಾಯಿಲ್ ಸೀರೆ ಹರಿದು ಬೆರಳಗಲದ ಪಟ್ಟಿ ಮಾಡಿದಳು. ಮಳೆಗಾಲದಲ್ಲಿ ಬೆಳೆದು ನೆಟ್ಟಗೆ ನಿಂತಿದ್ದ ಮೂರು ಉದ್ದ ಕೊಂಬೆಗಳನ್ನು ಒಂದೇ ಸಲ ಎಳೆಯದೆ, ಮೂರು ದಿನ ಸ್ವಲ್ಪ ಸ್ವಲ್ಪವೇ ಬಾಗಿಸಿ, ಬಾಲ್ಕನಿ ಗ್ರಿಲ್ಲಿಗೆ ಅಡ್ಡಡ್ಡ ಕಟ್ಟಿದಳು. ಎಂಟರ ಆಕಾರದಲ್ಲಿ ಸಡಿಲ ಗಂಟು, ಕೊಂಬೆ ದಪ್ಪ ಆದರೂ ಬಿಗಿಯಬಾರದು ಅಂತ. ಆಗ ಹೊಳೀತು, ಹಾಸನದ ಕಮಾನಿನ ತುಂಬ ಇಂಥ ಬಟ್ಟೆ ಗಂಟುಗಳಿದ್ದವು. ಮಲ್ಲಿಗೆ ಬಳ್ಳಿ ಸುತ್ತಿಕೊಳ್ಳುತ್ತೆ, ಹಾಗಲ ಸುರುಳಿ ಕೈ ಚಾಚಿ ಹಿಡಿಯುತ್ತೆ. ಗುಲಾಬಿಗೆ ಎರಡೂ ಬರಲ್ಲ. ಯಾರಾದರೂ ಕಟ್ಟಬೇಕು. ಅಷ್ಟು ವರ್ಷ ಅದು ತಾನಾಗೇ ಹಬ್ಬಿದೆ ಅಂದ್ಕೊಂಡಿದ್ದೆ ನಾನು.

ಅಡ್ಡ ಕಟ್ಟೋದಕ್ಕೂ ಹೂವಿಗೂ ಏನು ಸಂಬಂಧ ಅಂತ ಆಮೇಲೆ ಓದಿದೆ. ಕೊಂಬೆ ನೆಟ್ಟಗಿದ್ದರೆ ತುದಿಯ ಮೊಗ್ಗೇ ದೊಡ್ಡಸ್ತಿಕೆ ಮಾಡುತ್ತೆ. ಅಲ್ಲಿಂದ ಕೆಳಗಿಳಿಯೋ ಆಕ್ಸಿನ್ ಅನ್ನೋ ಹಾರ್ಮೋನು ಉಳಿದ ಕಣ್ಣುಗಳನ್ನು ಮಲಗಿಸಿರುತ್ತೆ. ಕೊಂಬೆಯನ್ನು ಅಡ್ಡ ಮಲಗಿಸಿದರೆ ತುದಿಯ ಹಿಡಿತ ಸಡಿಲ ಆಗಿ, ಉದ್ದಕ್ಕೂ ಇರೋ ಕಣ್ಣುಗಳೆಲ್ಲ ಏಳುತ್ತವೆ. ಒಂದೊಂದರಿಂದ ಒಂದೊಂದು ಗಿಡ್ಡ ರೆಂಬೆ, ರೆಂಬೆ ತುದಿಗೆ ಹೂ. ಫೋಟೋ ನೋಡಿದ ನರ್ಸರಿಯ ಹಿರಿಯರೊಬ್ಬರು ಇದು ಕ್ಲೈಂಬಿಂಗ್ ಕ್ರಿಮ್ಸನ್ ಗ್ಲೋರಿ ಅಂದರು. ಜರ್ಮನಿಯ ವಿಲ್ಹೆಲ್ಮ್ ಕೋರ್ಡೆಸ್ 1935ರಲ್ಲಿ ಹೊರತಂದ ಗಿಡ ಜಾತಿಯ ಗುಲಾಬಿಯಲ್ಲಿ ತಾನಾಗೇ ಉದ್ದ ಬೆಳೆದ ಕೊಂಬೆಯಿಂದ ಬಂದ ಬಳ್ಳಿ. ಇಂಥ ಬಳ್ಳಿಯನ್ನು ಎಳೆಯದಿದ್ದಾಗಲೇ ಜೋರಾಗಿ ಕತ್ತರಿಸಿದರೆ ಹಬ್ಬೋ ಗುಣ ಬಿಟ್ಟು ಮತ್ತೆ ಗಿಡವಾಗಿಬಿಡಬಹುದಂತೆ. ನನ್ನ ಕತ್ತರಿಯಿಂದ ಅದು ಬಚಾವಾಗಿದ್ದೇ ಹೆಚ್ಚು.

ಎರಡು ವಾರಕ್ಕೆ ಅಡ್ಡ ಕೊಂಬೆಗಳ ಮೇಲೆ ಕೆಂಪು ಚಿಗುರು ಸಾಲಾಗಿ ಎದ್ದವು. ಸೆಪ್ಟೆಂಬರ್ ಮಳೆಗೆ ಎಲೆಗೆ ಕಪ್ಪು ಚುಕ್ಕೆ ಬಂತು. ಬಿದ್ದ ಎಲೆ ಆರಿಸಿ ಹೊರಗೆ ಹಾಕಿ, ನೀರನ್ನು ಬೆಳಗ್ಗೆಯೇ, ಬುಡಕ್ಕೆ ಮಾತ್ರ ಹಾಕೋದು ರೂಢಿ ಮಾಡಿಕೊಂಡೆ. ಅಕ್ಟೋಬರ್ 14, ಆಯುಧ ಪೂಜೆ ದಿನ ಮೊದಲ ಹೂ ಪೂರ್ತಿ ಅರಳಿತು. ಕಾರಿಗೆ ಕುಂಬಳಕಾಯಿ ಒಡೆದು ಮೇಲೆ ಬಂದರೆ ಅಮ್ಮ ಆ ಹೂವಿಗೆ ಮುಖ ಇಟ್ಟು ಕಣ್ಣು ಮುಚ್ಚಿ ನಿಂತಿದ್ದಳು. ನಾನು ಅವಳ ಮುಖವನ್ನೇ ನೋಡ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ತಲೆ ಅಲ್ಲಾಡಿಸಿದಳು. ‘ಇಲ್ಲ.’

ಮೂರು ವರ್ಷ ಗಂಟಲಲ್ಲಿದ್ದದ್ದು ಆಗ ಹೊರಗೆ ಬಂತು. ‘ಅಮ್ಮ, ಅವತ್ತು ಕಡಿಸಿದ್ದು ತಪ್ಪಾಯ್ತು.’

‘ಕಾರು ನಿನ್ನ ದುಡಿಮೆ. ಗೀರು ಬಿದ್ದರೆ ಹೊಟ್ಟೆ ಉರಿಯಲ್ವಾ’ ಅಂದಳು. ಆಮೇಲೆ ಗಂಟು ಸರಿ ಮಾಡ್ತಾ, ನನ್ನ ಕಡೆ ನೋಡದೇನೇ, ‘ಕಡಿಸಿದ್ದಕ್ಕಲ್ಲ ನನಗೆ ಬೇಜಾರಾಗಿದ್ದು. ನಾನಿಲ್ಲದ ಹೊತ್ತು ನೋಡಿ ಕಡಿಸಿದೆಯಲ್ಲ, ಅದಕ್ಕೆ.’

ನಾನು ಏನೂ ಹೇಳಲಿಲ್ಲ. ಹೇಳೋಕೆ ಇರಲೂ ಇಲ್ಲ.

ಹನ್ನೆರಡು ವಾರ ಮುಗೀತು, ನಾವು ನಿಲ್ಲಿಸಲಿಲ್ಲ. ಬೆಳಗ್ಗೆ ಏಳಕ್ಕೆ, ರಾತ್ರಿ ಊಟ ಆದ ಮೇಲೆ, ನಾಲ್ಕು ಬಟ್ಟಲು. ಮೊದಲು ಲವಂಗ ಬಂತು, ಬರೀ ಚುರುಕಲ್ಲ, ‘ಬಿರಿಯಾನಿ ನೆನಪಾಗ್ತಿದೆ’ ಅಂದಳು. ಡಿಸೆಂಬರ್‌ನಲ್ಲಿ ಕಾಫಿಗೆ ರಬ್ಬರ್ ಸುಟ್ಟ ವಾಸನೆ ಅಂತ ಅತ್ತೇಬಿಟ್ಟಳು. ವಾಸನೆ ವಾಪಸ್ ಬರೋವಾಗ ಹೀಗೆ ತಪ್ಪು ದಾರಿಯಲ್ಲೂ ಬರುತ್ತೆ ಅಂತ ಡಾಕ್ಟರು ಧೈರ್ಯ ಹೇಳಿದರು. ಗುಲಾಬಿ ಮಾತ್ರ ‘ಇಲ್ಲ’, ‘ಇಲ್ಲ’, ‘ಇಲ್ಲ’.

ಫೆಬ್ರವರಿಯ ಒಂದು ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದು ಕೂತಿದ್ದೆ. ಅಮ್ಮ ಬಟ್ಟೆ ಒಣಹಾಕಲು ಬಾಲ್ಕನಿ ಬಾಗಿಲು ತೆಗೆದವಳು ಅಲ್ಲೇ ನಿಂತಳು. ‘ಪುಟ್ಟಿ, ಇವತ್ತು ಎಷ್ಟು ಅರಳಿದೆ?’ ಅಂದಳು. ಗ್ರಿಲ್ಲಿನ ಆಚೆ ಬದಿಗೆ ಬಾಗಿದ್ದ ಹೂಗಳು ಅವಳು ನಿಂತ ಕಡೆಯಿಂದ ಕಾಣ್ತಿರಲಿಲ್ಲ. ನಾನು ಎದ್ದು ಹೋಗಿ ಎಣಿಸಿದೆ. ಐದು. ‘ಸಣ್ಣಗೆ, ದೂರದಲ್ಲಿ ಯಾರದೋ ಮನೇಲಿ ಇದ್ದ ಹಾಗಿದೆ’ ಅಂದಳು. ಒಂದು ನಿಮಿಷ ಬಿಟ್ಟು, ‘ಹೋಯ್ತು’ ಅಂದಳು.

ಇವತ್ತಿಗೂ ಪೂರ್ತಿ ಬಂದಿಲ್ಲ. ಒಂದಿನ ಇರುತ್ತೆ, ಒಂದಿನ ಇರಲ್ಲ. ಆದರೆ ಮಲ್ಲಿಗೆ ಮುಡೀತಾಳೆ.

ನಿಮ್ಮ ಬಾಲ್ಕನಿಗೂ ಇಂಥದ್ದೊಂದು ಬೇಕು ಅನ್ನಿಸಿದರೆ, ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ನೀರು ನಿಲ್ಲದ ದೊಡ್ಡ ಕುಂಡ ಬೇಕು. ಕಸಿ ಗಿಡ ತಂದರೆ ಕಸಿ ಗಂಟಿನ ಕೆಳಗೆ ಬರೋ ಚಿಗುರನ್ನು ಕಿತ್ತುಹಾಕಿ. ಮೊದಲೆರಡು ವರ್ಷ ಉದ್ದ ಕೊಂಬೆಗೆ ಕತ್ತರಿ ಮುಟ್ಟಿಸಬೇಡಿ, ಆಮೇಲೂ ಹೂ ಮುಗಿದ ಪಕ್ಕದ ರೆಂಬೆಗಳನ್ನು ಮಾತ್ರ ಎರಡು ಮೂರು ಕಣ್ಣು ಬಿಟ್ಟು ಕತ್ತರಿಸಿ. ಪರಿಮಳ ಬೇಕಿದ್ದರೆ ಬಿಸಿಲೇರೋ ಮೊದಲು ಹತ್ತಿರ ಹೋಗಿ.

ಹೋದ ಸಲ ಹಾಸನಕ್ಕೆ ಹೋದಾಗ, ಬಾಲ್ಕನಿಯ ಬಳ್ಳಿಯಿಂದ ಬೇರು ಬಿಡಿಸಿದ ಗಿಡವನ್ನು ಗೇಟಿನ ಪಕ್ಕ ನೆಟ್ಟು ಬಂದೆವು. ಸಿಮೆಂಟ್ ಒಡೆಸಿ ಗುಂಡಿ ತೋಡಿಸಿದೆ. ಅಮ್ಮನ್ನ ಕೇಳಿಯೇ. ಈಗದು ಕಮಾನಿನ ಅರ್ಧಕ್ಕೆ ಬಂದಿದೆಯಂತೆ, ಅಪ್ಪ ಪ್ರತಿ ಭಾನುವಾರ ಫೋಟೋ ಕಳಿಸ್ತಾರೆ. ಸೀರೆ ಪಟ್ಟಿ ಕಟ್ಟೋದನ್ನ ಅವರೂ ಕಲಿತಿದ್ದಾರೆ.

ಊರಿಗೆ ಹೋದಾಗ ಕಾರು ಈಗ ರಸ್ತೆಯಲ್ಲೇ ನಿಲ್ಲುತ್ತೆ.