ಆಲ್ಪ್ಸ್ ದಾಟಲು ನಾಲ್ಕು ಗಂಟೆಯೋ, ನಾಲ್ಕು ದಿನವೋ?

ಸ್ವಿಟ್ಜರ್ಲೆಂಡಿನ ಕೂರ್ ಪಟ್ಟಣದಿಂದ ಇಟಲಿಯ ಗಡಿಯೊಳಗಿರುವ ತಿರಾನೊಗೆ ರೈಲಿನಲ್ಲಿ ಹೋಗುವ ದೂರ ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟೇ. ಆದರೆ ಅಷ್ಟು ದಾರಿಯಲ್ಲಿ 55 ಸುರಂಗಗಳು, 196 ಸೇತುವೆಗಳು! ಕೂರ್ ಇರುವುದು ಸಮುದ್ರಮಟ್ಟದಿಂದ 585 ಮೀಟರ್ ಎತ್ತರದಲ್ಲಿ. ಅಲ್ಲಿಂದ 2253 ಮೀಟರ್‌ವರೆಗೆ ಏರಿದ ರೈಲು ಮತ್ತೆ 429 ಮೀಟರ್ ಎತ್ತರದ ತಿರಾನೊಗೆ ಇಳಿಯುತ್ತದೆ. ದೊಡ್ಡ ಗಾಜಿನ ಕಿಟಕಿಗಳ 'ಬೆರ್ನಿನಾ ಎಕ್ಸ್‌ಪ್ರೆಸ್' ಈ ಏರಿಳಿತವನ್ನೆಲ್ಲ ನಾಲ್ಕು ಗಂಟೆ ಚಿಲ್ಲರೆಯಲ್ಲಿ ಮುಗಿಸಿಬಿಡುತ್ತದೆ.

ಯೂರೋಪ್ ಪ್ರವಾಸಕ್ಕೆ ಹೊರಡುವ ಕುಟುಂಬಗಳು ಸಾಮಾನ್ಯವಾಗಿ ಇದನ್ನು ಒಂದು ದಿನದ ಕಾರ್ಯಕ್ರಮವಾಗಿ ಪಟ್ಟಿಗೆ ಸೇರಿಸುತ್ತವೆ. ಬೆಳಿಗ್ಗೆ ಹತ್ತುವುದು, ಮಧ್ಯಾಹ್ನ ಇಳಿಯುವುದು. ಮೊದಲ ಗಂಟೆ ಮಕ್ಕಳು ಕಿಟಕಿಗೆ ಮೂಗು ಒತ್ತಿ ಕೂರುತ್ತಾರೆ. ಎರಡನೆಯ ಗಂಟೆಯಲ್ಲಿ ತಿಂಡಿಯ ಡಬ್ಬಿ ತೆರೆಯುತ್ತದೆ. ಮೂರನೆಯ ಗಂಟೆಯಲ್ಲಿ, ಅತಿ ಎತ್ತರದ ನಿಲ್ದಾಣ ಬರುವ ಹೊತ್ತಿಗೆ, ಅರ್ಧ ಡಬ್ಬಿಯೇ ತೂಕಡಿಸುತ್ತಿರುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಹಣ ಹೀಗೆ ಗಾಜಿನಾಚೆ ಸರಿದುಹೋಗುವುದು ಹೆತ್ತವರಿಗೆ ಹೊಟ್ಟೆ ಉರಿಸುವ ವಿಷಯವೇ ಸರಿ.

ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. ಅದೇ ಹಳಿಗಳ ಮೇಲೆ, ಅದೇ ಸೇತುವೆ-ಸುರಂಗಗಳ ಮೂಲಕ ರೇಷಿಯನ್ ರೈಲ್ವೆಯ ಸಾಮಾನ್ಯ ಕೆಂಪು ರೈಲುಗಳೂ ಹೆಚ್ಚುಕಡಿಮೆ ಗಂಟೆಗೊಂದರಂತೆ ಓಡುತ್ತವೆ. ಎಕ್ಸ್‌ಪ್ರೆಸ್‌ಗೆ ಟಿಕೆಟ್ಟಿನ ಮೇಲೆ ಆಸನ ಕಾದಿರಿಸುವ ಶುಲ್ಕ ಬೇರೆ ಕಡ್ಡಾಯ. ಸಾಮಾನ್ಯ ರೈಲಿಗೆ ಆ ಗೊಡವೆ ಇಲ್ಲ. ಎಕ್ಸ್‌ಪ್ರೆಸ್‌ನ ದೊಡ್ಡ ಗಾಜು ತೆರೆಯಲು ಬಾರದು, ತೆಗೆದ ಫೋಟೊದಲ್ಲಿ ಹಿಮಶಿಖರದ ಮೇಲೆ ಎದುರು ಸೀಟಿನವರ ಮುಖವೂ ಮೂಡಿರುತ್ತದೆ. ಸಾಮಾನ್ಯ ರೈಲಿನ ಹಲವು ಡಬ್ಬಿಗಳಲ್ಲಿ ಕಿಟಕಿ ಇಳಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಬೇಕೆಂದಲ್ಲಿ ಇಳಿಯಬಹುದು. 1982ರಲ್ಲಿ ಆ ದೇಶ ತನ್ನ ರೈಲು ವೇಳಾಪಟ್ಟಿಯನ್ನೇ ಗಡಿಯಾರದ ಮುಳ್ಳಿಗೆ ಕಟ್ಟಿಹಾಕಿತು: ಒಂದು ಗಂಟೆಯಲ್ಲಿ ಯಾವ ನಿಮಿಷಕ್ಕೆ ರೈಲು ಹೊರಡುತ್ತದೋ ಮುಂದಿನ ಗಂಟೆಯಲ್ಲೂ ಅದೇ ನಿಮಿಷಕ್ಕೆ. ಒಂದು ರೈಲು ತಪ್ಪಿತೆಂದರೆ ಆಕಾಶ ಕಳಚಿ ಬೀಳುವುದಿಲ್ಲ. ಹೀಗಿರುವಾಗ ನಡುವೆ ಮೂರು ರಾತ್ರಿ ತಂಗಿ, ನಾಲ್ಕು ದಿನಗಳಲ್ಲಿ ಈ ದಾರಿ ಸವೆಸುವುದೇ ಲೇಸು.

ಮೊದಲ ರಾತ್ರಿ: ಬೆರ್ಗ್ಯೂನ್

ಜ್ಯೂರಿಕ್‌ನಿಂದ ಕೂರ್‌ಗೆ ಒಂದೂಕಾಲು ಗಂಟೆಯ ಆಸುಪಾಸು. ಅಲ್ಲಿ ದೊಡ್ಡ ಗೇಜಿನ ರೈಲಿನಿಂದ ಇಳಿದು ಮೀಟರ್‌ಗೇಜ್ ರೈಲು ಹತ್ತಬೇಕು. ಮೈಸೂರು, ಹಾಸನ, ಅರಸೀಕೆರೆಗಳಲ್ಲಿ ಮೀಟರ್‌ಗೇಜ್ ಕಾಲದ ಪ್ರಯಾಣ ಮಾಡಿದ ಹಿರಿಯರಿಗೆ ಆ ಕಿರಿದಾದ ಹಳಿಗಳು ಹಳೆಯ ನೆಂಟರಂತೆ ಕಂಡಾವು. ಇಕ್ಕಟ್ಟಾದ ತಿರುವುಗಳಲ್ಲಿ ಬಾಗಿ ಸಾಗಲು ಕಿರಿಯ ಗೇಜೇ ಅನುಕೂಲ. ಪರ್ವತ ಕೊರೆಯುವ ಖರ್ಚೂ ಕಡಿಮೆ.

ಹತ್ತುವಾಗ ಬಲಗಡೆಯ ಕಿಟಕಿ ಹಿಡಿಯುವುದು ಒಳ್ಳೆಯದು. ಫಿಲಿಸೂರ್ ನಿಲ್ದಾಣಕ್ಕೆ ಸ್ವಲ್ಪ ಮೊದಲು ಲಾಂಡ್‌ವಾಸರ್ ಸೇತುವೆ ಬರುತ್ತದೆ. 65 ಮೀಟರ್ ಎತ್ತರ, 136 ಮೀಟರ್ ಉದ್ದ, ಆರು ಕಮಾನುಗಳು. ಬಾಗುತ್ತಲೇ ಸಾಗುವ ಈ ಸೇತುವೆಯ ತುದಿ ನೇರವಾಗಿ ಕಡಿದಾದ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ. 1902ರಲ್ಲಿ ಮುಗಿದ ಇದರ ಎತ್ತರದ ಕಂಬಗಳನ್ನು ಹೊರಗಿನಿಂದ ಸಾರುವೆ ಕಟ್ಟದೆ ಎಬ್ಬಿಸಿದರು: ಕಂಬದ ನಡುವೆ ಕಬ್ಬಿಣದ ಗೋಪುರವೊಂದನ್ನು ನಿಲ್ಲಿಸಿ, ಅದರ ಮೇಲಿನ ಕ್ರೇನಿನಿಂದ ಕಲ್ಲುಗಳನ್ನು ಎತ್ತಿ, ಸುತ್ತಲೂ ಗೋಡೆ ಏರಿಸುತ್ತಾ ಹೋದರು. ರೈಲಿನಲ್ಲಿ ಕುಳಿತವರಿಗೆ ಇದೆಲ್ಲ ಅರ್ಧ ನಿಮಿಷದ ನೋಟ. ಫಿಲಿಸೂರ್‌ನಲ್ಲಿ ಇಳಿದು ಕಾಡುದಾರಿಯಲ್ಲಿ ನಡೆದುಹೋದವರು ಸೇತುವೆಯ ಬುಡದಲ್ಲೇ ನಿಂತು ಕತ್ತೆತ್ತಿ ನೋಡಬಹುದು.

ಮತ್ತೆ ರೈಲು ಹತ್ತಿದರೆ ಮುಂದಿನ ಊರೇ ಬೆರ್ಗ್ಯೂನ್. ನಿಲ್ದಾಣದ ಫಲಕದಲ್ಲಿ ಎರಡು ಹೆಸರು: ಜರ್ಮನ್ ಭಾಷೆಯ ಬೆರ್ಗ್ಯೂನ್, ರೊಮಾನ್ಷ್ ಭಾಷೆಯ ಬ್ರಾವುಓನ್. ಬೆಟ್ಟಗಳ ನಡುವಿನ ಸಣ್ಣ ಜನಸಮುದಾಯವೊಂದರ ನುಡಿಯಾದ ರೊಮಾನ್ಷ್‌ಗೆ 1938ರಲ್ಲಿ ದೇಶದ ಮತದಾರರು ರಾಷ್ಟ್ರಭಾಷೆಯ ಸ್ಥಾನ ಕೊಟ್ಟರು. ತುಳು, ಕೊಡವ ಮಾತಾಡುವ ಮನೆಗಳ ಮಕ್ಕಳು ಆ ಫಲಕವನ್ನು ಸ್ವಲ್ಪ ಹೊತ್ತು ಹೆಚ್ಚಾಗಿಯೇ ನೋಡಬಹುದು.

ಇಲ್ಲಿ ರಾತ್ರಿ ತಂಗಬೇಕೆನ್ನಲು ಕಾರಣ ಮುಂದಿನ ನಿಲ್ದಾಣ ಪ್ರೇಡಾ. ಎರಡು ಊರುಗಳ ನಡುವೆ ನೇರ ದೂರ ಐದೂವರೆ ಕಿಲೋಮೀಟರ್. ಎತ್ತರದ ಅಂತರ ನಾನೂರು ಮೀಟರಿಗೂ ಹೆಚ್ಚು. ನೇರವಾಗಿ ಹತ್ತಲಾಗದ ರೈಲು ಬೆಟ್ಟದೊಳಗೆ ಸುರುಳಿ ಸುತ್ತಿ, ಕಣಿವೆಯನ್ನು ಮತ್ತೆ ಮತ್ತೆ ದಾಟಿ, ಹನ್ನೆರಡು ಕಿಲೋಮೀಟರ್ ಓಡುತ್ತದೆ. ಡಬ್ಬಿಯೊಳಗೆ ಕೂತವರಿಗೆ ದಿಕ್ಕು ತಪ್ಪಿ, ಒಂದೇ ಊರು ಈಗ ಎಡಕ್ಕೆ, ಈಗ ಬಲಕ್ಕೆ ಕಾಣುವುದಷ್ಟೇ ಗೊತ್ತಾಗುತ್ತದೆ. ಪ್ರೇಡಾದಿಂದ ಬೆರ್ಗ್ಯೂನ್‌ಗೆ ಹಳಿಯ ಬದಿಯ ಕಾಲುದಾರಿಯಲ್ಲಿ ಇಳಿದು ಬರುವವರಿಗೆ ಮಾತ್ರ ಸುರುಳಿಯ ಲೆಕ್ಕ ಸಿಗುತ್ತದೆ. ಇಳಿಜಾರಿನ ಎರಡೂವರೆ ಗಂಟೆಯ ನಡಿಗೆ, ಹೈಸ್ಕೂಲು ಮಕ್ಕಳಿಗೆ ಕಷ್ಟವಲ್ಲ. ಮಳೆ ಬಂದರೆ ಬೆರ್ಗ್ಯೂನ್ ನಿಲ್ದಾಣದ ಪಕ್ಕದಲ್ಲೇ ರೈಲು ವಸ್ತುಸಂಗ್ರಹಾಲಯವಿದೆ.

ಪ್ರೇಡಾದ ಬಳಿ ಆಲ್ಬುಲಾ ಸುರಂಗ ಶುರುವಾಗುತ್ತದೆ. ಹಳೆಯದರ ಉದ್ದ 5865 ಮೀಟರ್. ಅದನ್ನು ತೋಡುವಾಗ ತಣ್ಣೀರಿನ ಊಟೆಗಳೂ ಮೆದು ಕಲ್ಲೂ ಎದುರಾಗಿ ಗುತ್ತಿಗೆದಾರರು ಕೈಚೆಲ್ಲಿದರು. ಕೊನೆಗೆ ರೈಲ್ವೆಯೇ ಕೆಲಸ ಮುಂದುವರಿಸಿ 1903ರಲ್ಲಿ ರೈಲು ಓಡಿಸಿತು. ಕಲ್ಲು ಒಡೆದವರಲ್ಲಿ ಬಹುಪಾಲು ಇಟಲಿಯ ಕೂಲಿಗಳು. 2024ರ ಜೂನಿನಿಂದ ಪಕ್ಕದ ಹೊಸ ಸುರಂಗದಲ್ಲಿ ರೈಲುಗಳು ಸಾಗುತ್ತಿವೆ.

ಎರಡನೆಯ ರಾತ್ರಿ: ಪೊಂತ್ರೆಸಿನಾ

ಸುರಂಗದಾಚೆ ಎಂಗಾಡಿನ್ ಕಣಿವೆ. ಸೇಂಟ್ ಮೊರಿಟ್ಜ್ ಶ್ರೀಮಂತರ ಊರು, ಅಲ್ಲಿ ತಂಗುವ ಹಟ ಮಧ್ಯಮ ವರ್ಗದ ಕುಟುಂಬಕ್ಕೆ ಬೇಡ. ಸಮೇದಾನ್‌ನಲ್ಲಿ ರೈಲು ಬದಲಿಸಿ ಪೊಂತ್ರೆಸಿನಾಕ್ಕೆ ಹೋದರೆ ನಿಲ್ದಾಣದ ಹತ್ತಿರವೇ ಯೂತ್ ಹಾಸ್ಟೆಲ್ ಇದೆ. ಹೆಸರಿಗೆ ಯುವಕರದಾದರೂ ಸಂಸಾರಸ್ಥರೂ ಧಾರಾಳವಾಗಿ ಉಳಿಯಬಹುದು.

ಇಡೀ ಪ್ರಯಾಣದಲ್ಲಿ ವಿದ್ಯಾರ್ಥಿಗಳು ತಪ್ಪಿಸಿಕೊಳ್ಳಬಾರದ ಜಾಗ ಇಲ್ಲಿಂದ ಕೆಲವೇ ನಿಮಿಷಗಳ ದೂರದ ಮೊರ್ತೆರಾಚ್. ನೂರು ವರ್ಷಕ್ಕೂ ಹಿಂದೆ ಈ ನಿಲ್ದಾಣವಾದಾಗ ಪ್ರವಾಸಿಗರು ರೈಲಿನಿಂದಿಳಿದು ಸ್ವಲ್ಪವೇ ನಡೆದು ಹಿಮನದಿಯನ್ನು ಮುಟ್ಟುತ್ತಿದ್ದರು. ಇಂದು ಅದೇ ಹಿಮನದಿಯ ತುದಿ ನೋಡಲು ಒಂದು ಗಂಟೆಯಷ್ಟು ನಡೆಯಬೇಕು. ದಾರಿಯುದ್ದಕ್ಕೂ ಇಸವಿ ಬರೆದ ಕಂಬಗಳಿವೆ: ಆ ವರ್ಷ ಹಿಮ ಇಲ್ಲಿಯವರೆಗೆ ಇತ್ತು ಎಂಬ ಗುರುತು. ಮೊದಲ ಕಂಬಗಳ ಸುತ್ತ ಈಗ ಮರಗಳೇ ಬೆಳೆದಿವೆ. ಮುಂದೆ ಪೊದೆ, ಆಮೇಲೆ ಹುಲ್ಲು, ಕೊನೆಗೆ ಬರೀ ಜಲ್ಲಿಕಲ್ಲು. ಅಜ್ಜ ಹುಟ್ಟಿದ ವರ್ಷ, ಅಪ್ಪ ಹುಟ್ಟಿದ ವರ್ಷ, ತಾನು ಹುಟ್ಟಿದ ವರ್ಷ ಎಂದು ಎಣಿಸುತ್ತಾ ಹೋಗುವ ಮಗುವಿಗೆ ಭೂಮಿ ಬಿಸಿಯಾಗುವುದೆಂದರೇನೆಂದು ಯಾರೂ ಪಾಠ ಮಾಡಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈಚೆಗೆ ಹಿಮ ಹಿಂದೆ ಸರಿದಿರುವ ದೂರ ಹತ್ತಿರ ಹತ್ತಿರ ಮೂರು ಕಿಲೋಮೀಟರ್. ಎಕ್ಸ್‌ಪ್ರೆಸ್‌ನ ಗಾಜಿನಿಂದ ನೋಡುವವರಿಗೆ ಹಿಮನದಿ ಕಾಣುತ್ತದೆ, ಈ ಕಂಬಗಳು ಕಾಣುವುದಿಲ್ಲ.

ಮೂರನೆಯ ರಾತ್ರಿ: ಪೊಸ್ಕಿಯಾವೊ

1910ರಲ್ಲಿ ಪೂರ್ತಿಯಾದ ಬೆರ್ನಿನಾ ಮಾರ್ಗದ ಹೆಗ್ಗಳಿಕೆಯೆಂದರೆ ಹಲ್ಲಿನ ಹಳಿಯ ಸಹಾಯವೇ ಇಲ್ಲದೆ ಏರುವುದು. ಊಟಿಗೆ ಹೋಗುವ ನೀಲಗಿರಿ ರೈಲು ಸುಮಾರು ಹನ್ನೆರಡು ಮೀಟರ್ ಸಾಗುವಾಗ ಒಂದು ಮೀಟರ್ ಏರುತ್ತದೆ. ಅದಕ್ಕೆ ನಡುವೆ ಹಲ್ಲಿನ ಹಳಿ, ಹಲ್ಲುಚಕ್ರ ಬೇಕು. (ಅಂದಹಾಗೆ ನೀಲಗಿರಿಯ ಪ್ರಸಿದ್ಧ ಉಗಿ ಎಂಜಿನ್ನುಗಳು ತಯಾರಾದದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್‌ನಲ್ಲಿ.) ಬೆರ್ನಿನಾ ರೈಲು ಹದಿನಾಲ್ಕು ಮೀಟರಿಗೆ ಒಂದು ಮೀಟರ್ ಏರಿದರೂ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಯ ಹಿಡಿತವೊಂದನ್ನೇ ನಂಬಿದೆ. ಮೊದಲ ದಿನದಿಂದಲೂ ಓಡಿದ್ದು ವಿದ್ಯುತ್ತಿನಿಂದ.

2253 ಮೀಟರ್ ಎತ್ತರದ ಒಸ್ಪಿಜಿಯೊ ಬೆರ್ನಿನಾ ನಿಲ್ದಾಣದ ಪಕ್ಕದಲ್ಲಿ ಎರಡು ಸರೋವರಗಳು. ಲೆಜ್ ನೈರ್, ಅಂದರೆ ಕಪ್ಪು ಕೆರೆ. ಇದರ ನೀರು ಇನ್ ನದಿ ಸೇರಿ, ಡ್ಯಾನ್ಯೂಬ್ ಮೂಲಕ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಲಾಗೊ ಬಿಯಾಂಕೊ, ಅಂದರೆ ಬಿಳಿ ಕೆರೆ. ಇದರ ನೀರು ಪೋ ನದಿಯ ಪಾಲಾಗಿ ಆಡ್ರಿಯಾಟಿಕ್ ಸಮುದ್ರಕ್ಕೆ. ಪಶ್ಚಿಮಘಟ್ಟದ ಮಳೆ ಹೇಮಾವತಿಗೆ ಬಿದ್ದರೆ ಬಂಗಾಳಕೊಲ್ಲಿಗೂ ಕುಮಾರಧಾರೆಗೆ ಬಿದ್ದರೆ ಅರಬ್ಬೀ ಸಮುದ್ರಕ್ಕೂ ಹೋಗುವುದನ್ನು ಭೂಗೋಳದಲ್ಲಿ ಓದಿದವರಿಗೆ ಇದು ಚೆನ್ನಾಗಿ ಹಿಡಿಸುತ್ತದೆ. ಮುಂದಿನ ಆಲ್ಪ್ ಗ್ರ್ಯುಮ್‌ಗೆ ಮೋಟಾರು ರಸ್ತೆಯಿಲ್ಲ, ರೈಲು ಅಥವಾ ಕಾಲ್ನಡಿಗೆ ಮಾತ್ರ. ಅಲ್ಲಿಯ ಜಗಲಿಯಲ್ಲಿ ಒಂದು ಗಂಟೆ ಕೂತು ಮುಂದಿನ ರೈಲಿಗೆ ಕಾಯುವುದು ಚೆನ್ನ.

ಆಮೇಲೆ ರೈಲು ಸುತ್ತಿ ಸುತ್ತಿ ಇಳಿಯುವುದು ಪೊಸ್ಕಿಯಾವೊಗೆ. ಒಂದು ಸಾವಿರ ಮೀಟರಿಗಿಂತ ಹೆಚ್ಚು ಇಳಿದ ಮೇಲೆ ಗಾಳಿಯೇ ಬೇರೆ, ಮಾತೂ ಬೇರೆ: ದೇಶ ಸ್ವಿಟ್ಜರ್ಲೆಂಡೇ, ಭಾಷೆ ಇಟಾಲಿಯನ್. ಊರಿನ ಒಂದು ಬೀದಿಯಲ್ಲಿ ಬಣ್ಣಬಣ್ಣದ ದೊಡ್ಡ ಮನೆಗಳ ಸಾಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಟ್ಟೆಪಾಡಿಗೆ ಸ್ಪೇನ್ ಮೊದಲಾದ ದೇಶಗಳಿಗೆ ಹೋಗಿ, ಸಿಹಿತಿಂಡಿಯ ಅಂಗಡಿಗಳನ್ನಿಟ್ಟು ದುಡಿದವರು ಹಿಂದಿರುಗಿ ಕಟ್ಟಿಸಿದವು. ಘಟ್ಟ ಹತ್ತಿ ಊರೂರಲ್ಲಿ ಹೋಟೆಲು ತೆರೆದ ಉಡುಪಿಯವರ ಕಥೆಯಂತೆಯೇ. ಶಾಕಾಹಾರಿಗಳು ಇಲ್ಲಿ ನಿಶ್ಚಿಂತೆಯಿಂದ ಕೇಳಬಹುದಾದ ಊಟ ಪಿಜ್ಜೊಕ್ಕೆರಿ: ಹುರುಳಿಯಂತೆ ಕಪ್ಪಾದ ಬಕ್‌ವೀಟ್ ಹಿಟ್ಟಿನ ಅಗಲ ಶಾವಿಗೆಗೆ ಆಲೂಗಡ್ಡೆ, ಸೊಪ್ಪು, ಗಿಣ್ಣು ಬೆರೆಸಿದ್ದು. ಆದರೆ ಮೇಲಿನ ಊರುಗಳ ಬಾರ್ಲಿ ಸೂಪಿನಲ್ಲಿ ಒಣಮಾಂಸ ಇರುವುದುಂಟು, ವಿಚಾರಿಸಿಯೇ ತರಿಸಿಕೊಳ್ಳಬೇಕು. ಹಳ್ಳಿಗಳ ಅಂಗಡಿಗಳು ಸಂಜೆ ಬೇಗ ಬಾಗಿಲು ಹಾಕುತ್ತವೆ, ಭಾನುವಾರವಂತೂ ತೆರೆಯುವುದು ಅಪರೂಪ. ಬ್ರೆಡ್ಡು, ಹಣ್ಣು, ಮೊಸರು ಶನಿವಾರವೇ ಕೊಂಡಿಟ್ಟುಕೊಳ್ಳಬೇಕು.

ಯಾವಾಗ, ಎಷ್ಟಕ್ಕೆ?

ಬೇಸಿಗೆ ರಜೆಯಲ್ಲಿ ಹೋಗುವುದೆಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಆದರೆ ಏಪ್ರಿಲ್ ಕೊನೆ ಮತ್ತು ಮೇ ತಿಂಗಳು ಅಲ್ಲಿ ಎರಡು ಋತುಗಳ ನಡುವಿನ ಬಿಡುವು. ರೈಲು ಓಡುತ್ತದೆ; ಎಂಗಾಡಿನ್‌ನ ಅನೇಕ ಹೋಟೆಲುಗಳು, ತೂಗುತೊಟ್ಟಿಲ ಮಾರ್ಗಗಳು ಮುಚ್ಚಿರುತ್ತವೆ, ಎತ್ತರದ ಕಾಲುದಾರಿಗಳಲ್ಲಿ ಹಿಮ ಕರಗಿರುವುದಿಲ್ಲ. ಬೇಸಿಗೆಯಲ್ಲೇ ಹೋಗಬೇಕಾದವರು ಒಂದು ರಾತ್ರಿಯನ್ನು ಮೇಲಿನಿಂದ ತೆಗೆದು ಪೊಸ್ಕಿಯಾವೊಗೆ ಸೇರಿಸುವುದು ಜಾಣತನ. ಇದಕ್ಕಿಂತ ದಸರಾ ರಜೆ ಎಷ್ಟೋ ಮೇಲು. ಅಕ್ಟೋಬರಿನಲ್ಲಿ ಎಂಗಾಡಿನ್‌ನ ಲಾರ್ಚ್ ಮರಗಳ ಎಲೆ ಉದುರುವ ಮುನ್ನ ಹೊಂಬಣ್ಣಕ್ಕೆ ತಿರುಗುತ್ತವೆ. ಗುಡ್ಡಕ್ಕೆ ಗುಡ್ಡವೇ ಬಂಗಾರದ ನೀರು ಕುಡಿದಂತೆ. ತಿಂಗಳ ಮೂರನೆಯ ವಾರ ದಾಟಿದರೆ ಮತ್ತೆ ಹೋಟೆಲುಗಳು ಮುಚ್ಚತೊಡಗುತ್ತವೆ, ಅದನ್ನು ಗಮನಿಸಬೇಕು.

ಸಾಮಾನ್ಯ ಟಿಕೆಟ್ಟು ಆ ಒಂದು ದಿನಕ್ಕಷ್ಟೇ ನಡೆಯುವುದರಿಂದ ತಂಗುತ್ತಾ ಹೋಗುವವರು ಪ್ರತಿ ತುಂಡಿಗೂ ಬೇರೆ ಟಿಕೆಟ್ಟು ಕೊಳ್ಳಬೇಕು, ಇಲ್ಲವೇ ಸ್ವಿಸ್ ಟ್ರಾವೆಲ್ ಪಾಸ್ ಪಡೆಯಬೇಕು. ಪಾಸು 3, 4, 6, 8 ಅಥವಾ 15 ದಿನಗಳಿಗೆ ಸಿಗುತ್ತದೆ, ತಿರಾನೊವರೆಗೂ ಸಲ್ಲುತ್ತದೆ. ತಂದೆ ಅಥವಾ ತಾಯಿಯ ಪಾಸಿನೊಂದಿಗೆ ಕೇಳಿದರೆ ಉಚಿತ ಫ್ಯಾಮಿಲಿ ಕಾರ್ಡ್ ಕೊಡುತ್ತಾರೆ. ಅದಿದ್ದರೆ 16 ತುಂಬದ ಮಕ್ಕಳಿಗೆ ಟಿಕೆಟ್ಟೇ ಬೇಡ. 25 ತುಂಬದ ಕಾಲೇಜು ವಿದ್ಯಾರ್ಥಿಗಳಿಗೂ ರಿಯಾಯಿತಿಯ ಪಾಸು ಉಂಟು. ಸಂಸಾರದ ಲೆಕ್ಕ ಮಾಡುವಾಗ ಈ ಎರಡು ಸಾಲು ಮರೆತರೆ ನಷ್ಟ ದೊಡ್ಡದು.

ರಾತ್ರಿಗಳ ಲೆಕ್ಕ ವೀಸಾಕ್ಕೂ ಬೇಕು. ಸ್ವಿಟ್ಜರ್ಲೆಂಡ್, ಇಟಲಿ ಎರಡಕ್ಕೂ ಒಂದೇ ಶೆಂಗೆನ್ ವೀಸಾ ಸಾಕು. ಆದರೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಇರುವ ದೇಶಕ್ಕೆ. ಎರಡು ದೇಶಗಳಲ್ಲೂ ಸಮಸಮ ದಿನಗಳಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸ್ವೀಕರಿಸುತ್ತಾರೆ.

ನಾಲ್ಕನೆಯ ದಿನದ ದಾರಿ ಚಿಕ್ಕದು. ಲೆ ಪ್ರೆಸೆ ಎಂಬ ಹಳ್ಳಿಯಲ್ಲಿ ರೈಲು ಟ್ರಾಮಿನಂತೆ ಮನೆಗಳ ನಡುವಿನ ರಸ್ತೆಯಲ್ಲೇ ನುಸುಳಿ, ಸರೋವರದ ಅಂಚು ಹಿಡಿದು ಬ್ರೂಸಿಯೊಗೆ ಬರುತ್ತದೆ. ಅಲ್ಲಿ ಒಂಬತ್ತು ಕಮಾನಿನ ಕಲ್ಲುಸೇತುವೆಯ ಮೇಲೆ ಬಯಲಿನಲ್ಲೇ ಒಂದು ಪೂರ್ತಿ ಸುತ್ತು ಹಾಕಿ, ಈಗ ತಾನೆ ಬಂದ ಸೇತುವೆಯ ಕೆಳಗೇ ನುಸುಳಿ ಹೋಗುತ್ತದೆ. ಸ್ವಲ್ಪದರಲ್ಲೇ ಗಡಿ, ಆಮೇಲೆ ತಿರಾನೊ. ಕೈಯಲ್ಲಿ ಉಳಿದ ಫ್ರಾಂಕುಗಳನ್ನು ಹಿಂದಿನ ಊರಿನಲ್ಲೇ ಖರ್ಚು ಮಾಡಿರಬೇಕು, ಇಲ್ಲಿ ನಡೆಯುವುದು ಯೂರೊ. ಇಟಲಿಯ ರೈಲು ನಿಲ್ದಾಣ ಪಕ್ಕದಲ್ಲೇ ಇದೆ. ಕೊಮೊ ಸರೋವರದ ದಡದಲ್ಲಿ ಸಾಗುವ ಮಿಲಾನ್ ರೈಲಿಗೆ ಎರಡೂವರೆ ಗಂಟೆ. ಸ್ವಿಸ್ ಪಾಸು ಅದಕ್ಕೆ ನಡೆಯದು, ಹತ್ತುವ ಮೊದಲೇ ಬೇರೆ ಟಿಕೆಟ್ಟು ಕೊಳ್ಳಬೇಕು.