ಅಗ್ಗದ ಅಂಗಡಿ ಯಾವುದು?

ಬೆಂಗಳೂರಿನಲ್ಲಿ ಸಂಸಾರ ಹೂಡಿದವರ ಮುಂದೆ ಪ್ರತಿ ತಿಂಗಳ ಮೊದಲ ವಾರ ಒಂದು ಪ್ರಶ್ನೆ ತಪ್ಪದೆ ಬಂದು ನಿಲ್ಲುತ್ತದೆ: ಮನೆಗೆ ಬೇಕಾದ ದಿನಸಿಯನ್ನು ಎಲ್ಲಿ ಕೊಳ್ಳಬೇಕು? ನೆರೆಹೊರೆಯಲ್ಲಿ ವಿಚಾರಿಸಿದರೆ ಒಬ್ಬೊಬ್ಬರದು ಒಂದೊಂದು ಸಿದ್ಧಾಂತ. ದೊಡ್ಡ ಮಾರುಕಟ್ಟೆಗೆ ಹೋಗದವನಿಗೆ ವ್ಯವಹಾರವೇ ತಿಳಿಯದೆಂದು ಒಬ್ಬರು. ಹೋಗಿಬರುವಷ್ಟರಲ್ಲಿ ಉಳಿದ ಹಣ ದಾರಿಯಲ್ಲೇ ಕರಗುವುದೆಂದು ಇನ್ನೊಬ್ಬರು. 'ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತೆ' ಎಂಬ ಗಾದೆಯನ್ನು ನೆನಪಿಸಿ, ಬೀದಿಯ ಶೆಟ್ಟರ ಅಂಗಡಿಯನ್ನು ಬಿಡಬೇಡಿರೆಂದು ಮತ್ತೊಬ್ಬರು. ಇವರಲ್ಲಿ ಯಾರ ಮಾತೂ ಸುಳ್ಳಲ್ಲ. ಆದರೆ ಯಾರ ಮಾತೂ ಎಲ್ಲ ಮನೆಗಳಿಗೆ ಸಲ್ಲುವಂಥದಲ್ಲ.

ಈ ಊರು ಹುಟ್ಟಿದ್ದೇ ಅಂಗಡಿಬೀದಿಗಳ ಊರಾಗಿ. 1537ರಲ್ಲಿ ಕೆಂಪೇಗೌಡರು ಅಡಿಪಾಯ ಹಾಕಿದ ಪೇಟೆಯಲ್ಲಿ ಒಂದೊಂದು ಸರಕಿನ ಹೆಸರಿನಲ್ಲಿ ಒಂದೊಂದು ಕೇರಿ ಬೆಳೆಯಿತು: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ತರಗುಪೇಟೆ. ಅಂದಿನ ಕೊಳ್ಳುಗನಿಗೆ ಬೀದಿಯ ಹೆಸರೇ ದಾರಿ ತೋರುತ್ತಿತ್ತು. ಇಂದು ಹೆಸರುಗಳು ಉಳಿದಿವೆ, ಸರಕು ಜಾಗ ಬದಲಿಸಿದೆ. ಅಕ್ಕಿಪೇಟೆಯಲ್ಲಿ ಅಕ್ಕಿಯನ್ನು ಹುಡುಕುವವನಿಗೆ ಔಷಧಿಯ ಸಗಟು ಮಳಿಗೆಗಳು ಎದುರಾಗುತ್ತವೆ. ಧಾನ್ಯ, ಈರುಳ್ಳಿ, ಆಲೂಗೆಡ್ಡೆಗಳ ದೊಡ್ಡ ವ್ಯಾಪಾರ ಬಹುಮಟ್ಟಿಗೆ ಊರಿನ ವಾಯವ್ಯಕ್ಕೆ, ಯಶವಂತಪುರದ ಕೃಷಿ ಮಾರುಕಟ್ಟೆಯ ಪ್ರಾಂಗಣದ ಕಡೆಗೆ ಸರಿದಿದೆ.

ಆದರೂ ಬೆಳಗಿನ ಜಾವದ ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ನೋಡದವರು ಬೆಂಗಳೂರಿನ ಹೊಟ್ಟೆಯನ್ನು ನೋಡಿದಂತಲ್ಲ. ಹಿಂದೆ ಸಿದ್ದಿಕಟ್ಟೆ ಎಂದು ಕರೆಯುತ್ತಿದ್ದ ಈ ಜಾಗ ಕೋಟೆಗೂ ಪೇಟೆಗೂ ನಡುವಿನದು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನೂ ಕೋಟೆಯನ್ನೂ ಹಿಡಿದಾಗ ಇಲ್ಲಿನ ಮಣ್ಣು ರಕ್ತವನ್ನು ಕಂಡಿತ್ತು. 1920ರ ದಶಕದಲ್ಲಿ ಇಲ್ಲಿ ಮಾರುಕಟ್ಟೆಯ ಕಟ್ಟಡವೆದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಪಡೆಯಿತು. ಈಗ ನಸುಕಿನಲ್ಲಿ ಕೋಲಾರ, ಮಾಲೂರು, ಹೊಸಕೋಟೆ, ಚಿಕ್ಕಬಳ್ಳಾಪುರಗಳ ಕಡೆಯ ತರಕಾರಿ ಇಲ್ಲಿಗೂ ಪಕ್ಕದ ಕಲಾಸಿಪಾಳ್ಯಕ್ಕೂ ಬಂದಿಳಿಯುತ್ತದೆ. ಒಂದೆಡೆ ಸೇವಂತಿಗೆಯ ರಾಶಿ, ಮಲ್ಲಿಗೆಯ ಕಂಪು. ಇನ್ನೊಂದೆಡೆ ಕೊಳೆತ ಕೋಸಿನ ಎಲೆಯ ವಾಸನೆ. ನಡುವೆ ತಲೆಯ ಮೇಲೆ ಮೂಟೆ ಹೊತ್ತು 'ದಾರಿ, ದಾರಿ' ಎಂದು ಕೂಗುತ್ತ ನುಗ್ಗುವ ಹಮಾಲಿಗಳು.

ಶ್ರೀನಗರದ ಕಡೆಯಿಂದ ಒಬ್ಬ ಗೃಹಿಣಿ ಹದಿನೈದು ದಿನಕ್ಕೊಮ್ಮೆ ಈ ಗದ್ದಲಕ್ಕೆ ಬರುತ್ತಾರೆ. ಪತಿ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವರು. ಮನೆಯಲ್ಲಿ ಅತ್ತೆ, ಕಾಲೇಜಿಗೆ ಹೋಗುವ ಮಗಳು. ಸಂಬಳ ಅಷ್ಟಕ್ಕಷ್ಟೆ. ಕೈಯಲ್ಲಿ ಎರಡು ಬಟ್ಟೆಯ ಚೀಲ, ಸೊಂಟದಲ್ಲಿ ಚಿಲ್ಲರೆಯ ಚೀಲ. ಬೀನ್ಸಿನ ಧಾರಣೆಯನ್ನು ಮೊದಲು ಮೂರು ಕಡೆ ಕೇಳಿ, ನಾಲ್ಕನೆಯ ಕಡೆ ಕೊಳ್ಳುವುದು ಅವರ ಕ್ರಮ.

"ಬೋಣಿ ಹೊತ್ತು, ಬಿಟ್ಟು ಹೋಗಬೇಡಿ ಅಮ್ಮ," ಎನ್ನುತ್ತಾಳೆ ಮಾರುವವಳು.

"ಬೋಣಿಯಾದರೆ ಒಂದು ಹಿಡಿ ಕೊಸರು ಹಾಕಮ್ಮ."

ಕೊಸರು ಬೀಳುತ್ತದೆ. ಹಿಂದಿನ ಸೇರು, ಪಾವುಗಳು ಹೋಗಿ ಕಿಲೋಗ್ರಾಂ ಬಂದು ಅರವತ್ತು ವರ್ಷಗಳಾದುವು. ತಕ್ಕಡಿಯ ಪಕ್ಕದಲ್ಲಿ ಈಗ ಮೊಬೈಲಿನಿಂದ ಹಣ ಕಳುಹಿಸಲು ಅನುವಾಗುವ ಚೌಕದ ಚಿತ್ರವೂ ಬಂದು ಕುಳಿತಿದೆ. ಆದರೆ ಕೊಸರನ್ನು ಯಾವ ಕಾಯಿದೆಯೂ ಅಲ್ಲಿಂದ ತೆಗೆದುಹಾಕಿಲ್ಲ. ಹೂವು ಇಂದಿಗೂ ಮೊಳದ ಲೆಕ್ಕ, ಸೊಪ್ಪು ಕಟ್ಟಿನ ಲೆಕ್ಕ.

ಆ ತಾಯಿಯ ಗಣಿತ ಗಮನಿಸತಕ್ಕದ್ದು. ಮನೆಯ ಹತ್ತಿರಕ್ಕಿಂತ ಕಿಲೋವೊಂದಕ್ಕೆ 10 ರೂಪಾಯಿ ಕಡಿಮೆಯಾಯಿತೆಂದಿಟ್ಟುಕೊಂಡರೆ, 5 ಕಿಲೋ ತರಕಾರಿಗೆ ಉಳಿತಾಯ 50 ರೂಪಾಯಿ. ಹಿಂದಿರುಗುವಾಗ ಆಟೋ ಹಿಡಿದು 100 ರೂಪಾಯಿ ಕೊಟ್ಟರೆ ಉಳಿತಾಯ ಹೋಗಿ ನಷ್ಟವೇ ಗಂಟು ಬಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲದಂತಾದುದು ಈ ಲೆಕ್ಕವನ್ನೇ ಬದಲಿಸಿತು. ಮನೆಯಲ್ಲಿ ಮಾರುಕಟ್ಟೆಯ ಕೆಲಸ ಯಜಮಾನರಿಂದ ಯಜಮಾನಿತಿಗೆ ದಾಟಿದ್ದಕ್ಕೆ ಇದೂ ಒಂದು ಕಾರಣ. ಆದರೆ ಬಸ್ಸು ಉಳಿಸಿಕೊಟ್ಟ ಹಣವನ್ನು ತರಕಾರಿಬುಟ್ಟಿ ನುಂಗಲೂಬಹುದು. ತಂದ ಐದು ಕಿಲೋದಲ್ಲಿ 40 ರೂಪಾಯಿನ ಒಂದು ಕಿಲೋ ಬಾಡಿ ಕಸಕ್ಕೆ ಹೋದರೆ ಕೈಯಲ್ಲಿ ನಿಲ್ಲುವುದು 10 ರೂಪಾಯಿ ಮಾತ್ರ. ಆದುದರಿಂದ ಕೆಡದ ಗೆಡ್ಡೆ, ಕುಂಬಳ, ಬೆಳ್ಳುಳ್ಳಿಗಳನ್ನು ಮಾರುಕಟ್ಟೆಯಲ್ಲಿಯೂ, ಸೊಪ್ಪು, ಟೊಮೇಟೊಗಳನ್ನು ಬೀದಿಯ ಗಾಡಿಯಲ್ಲಿಯೂ ಕೊಳ್ಳುವುದು ಅವರ ರೂಢಿ.

ಚೌಕಾಸಿಗೆ ಬಾಯಿ ಬಾರದವರಿಗೂ ಒಂದು ಆಸರೆಯಿದೆ. 1959ರಲ್ಲಿ ತೋಟಗಾರಿಕೆ ತಜ್ಞ ಎಂ. ಎಚ್. ಮರಿಗೌಡರ ಪ್ರೇರಣೆಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾದ ಸಂಸ್ಥೆಯೇ ಇಂದಿನ ಹಾಪ್‌ಕಾಮ್ಸ್. ಬೆಳೆದವನಿಗೂ ತಿನ್ನುವವನಿಗೂ ನಡುವಣ ದಲ್ಲಾಳಿಯನ್ನು ತೆಗೆದುಹಾಕುವುದು ಅದರ ಉದ್ದೇಶ. ಅದರ ಮಳಿಗೆಗಳಲ್ಲಿ ದಿನದ ದರ ಹಲಗೆಯ ಮೇಲಿರುತ್ತದೆ. ಮುದುಕರು, ಊರಿಗೆ ಹೊಸಬರು ನಿಶ್ಚಿಂತೆಯಿಂದ ಕೊಳ್ಳಬಹುದು. ಎಲ್ಲ ದಿನವೂ ಎಲ್ಲ ಪದಾರ್ಥವೂ ಅಲ್ಲಿ ಅಗ್ಗವೆಂದಲ್ಲ. 2023ರ ಜುಲೈಯಲ್ಲಿ ಟೊಮೇಟೊ ಕಿಲೋಗೆ 100 ರೂಪಾಯಿ ದಾಟಿದಾಗ ಯಾವ ಅಂಗಡಿಯೂ ಯಾರನ್ನೂ ಕಾಪಾಡಲಿಲ್ಲ. ಹುಣಿಸೆಹಣ್ಣೇ ಸಾರಿನ ಮಾನ ಉಳಿಸಿತು.

ಬಸವನಗುಡಿಯ ಗಾಂಧಿ ಬಜಾರಿನ ಬಗೆ ಬೇರೆ. 1898ರ ಪ್ಲೇಗಿನ ಭೀತಿಯ ಕಾಲದಲ್ಲಿ ರೂಪುಗೊಂಡ ಬಡಾವಣೆಯದು. ಅಲ್ಲಿನ ಬಾಳೆಎಲೆ, ವೀಳ್ಯದೆಲೆ, ಚಳಿಗಾಲದ ಸೊಗಡಿನ ಅವರೆಕಾಯಿಗಳ ಅಂದ ಕಣ್ಣಿಗೆ ಹಬ್ಬ. ಆಯ್ದ ಸರಕು, ಅದಕ್ಕೆ ತಕ್ಕ ಬೆಲೆ. ಹಬ್ಬದ ಮುನ್ನಾದಿನ ಅಲ್ಲಿ ಬೆಲೆ ಕೇಳುವುದಕ್ಕೆ ಧೈರ್ಯ ಬೇಕು. ನಿತ್ಯದ ಸಂಸಾರ ಅಲ್ಲಿ ನಡೆಯುವುದು ಕಷ್ಟ.

ಇನ್ನು ವಿದ್ಯುದ್ದೀಪಗಳಿಂದ ಝಗಝಗಿಸುವ ದೊಡ್ಡ ಮಳಿಗೆಗಳು. ಅಲ್ಲಿ ಸಕ್ಕರೆ, ಎಣ್ಣೆ ಕೆಲವೊಮ್ಮೆ ನಿಜವಾಗಿಯೂ ಅಗ್ಗ. ಆದರೆ ಸಕ್ಕರೆಯಲ್ಲಿ ಉಳಿದ ಹಣ ಬಿಸ್ಕತ್ತಿನ ಕಪಾಟಿನ ಮುಂದೆ ಕೈಬಿಟ್ಟು ಹೋಗುತ್ತದೆ. ಪೊಟ್ಟಣದ ಬೆಲೆ ಏರದೆ ತೂಕ ಮಾತ್ರ ಇಳಿದಿರುವುದೂ ಉಂಟು. ಒಂದು ಗ್ರಾಂಗೆ ಅಥವಾ ಕಿಲೋಗೆ ಎಷ್ಟೆಂದು ಪೊಟ್ಟಣದ ಮೇಲೆ ಮುದ್ರಿಸಿರುವುದನ್ನು ಓದಿ ಹೋಲಿಸುವವರಿಗೆ ಮೋಸವಿಲ್ಲ. ಮೊಬೈಲಿನಲ್ಲಿ ಹೇಳಿದ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುವ ಸಾಮಾನಿನ ಮಾತೂ ಇಷ್ಟೆ: ಕಾಲಿನ ಶ್ರಮ ಉಳಿಯುತ್ತದೆ, ಕೈ ಮಾತ್ರ ಸಡಿಲವಾಗುತ್ತದೆ.

ಹೆಚ್ಚಿನ ಉಳಿತಾಯವಿರುವುದು ತರಕಾರಿಯಲ್ಲಲ್ಲ, ಅಕ್ಕಿಬೇಳೆಯಲ್ಲಿ. ರಾಯಚೂರು, ಸಿಂಧನೂರು, ಗಂಗಾವತಿ ಸೀಮೆಯ ಸೋನಾ ಮಸೂರಿ, ಕಲಬುರಗಿಯ ತೊಗರಿಬೇಳೆ, ಮಂಡ್ಯದ ಬೆಲ್ಲ ಇವೆಲ್ಲ ಯಶವಂತಪುರದಲ್ಲಿಯೂ ಹೊಸ ತರಗುಪೇಟೆಯಲ್ಲಿಯೂ ಮೂಟೆಯ ಲೆಕ್ಕದಲ್ಲಿ ಸಿಕ್ಕುತ್ತವೆ. ಅಕ್ಕಿಯ ಚೀಲದ ಮೇಲೆ 26 ಕಿಲೋ ಎಂದಿರುವುದನ್ನು ಕಂಡು ಕೆಲವರು ಬೆರಗಾಗುತ್ತಾರೆ. 2022ರ ಜುಲೈ 18ರಿಂದ, 25 ಕಿಲೋವರೆಗಿನ ಮೊಹರಾದ ಚೀಲಗಳ ಧಾನ್ಯಕ್ಕೆ ಶೇಕಡಾ 5ರ ತೆರಿಗೆ ಬಿದ್ದಿತು. ವರ್ತಕರು ಇನ್ನೊಂದು ಕಿಲೋ ಸೇರಿಸಿ ಅದರಿಂದ ಪಾರಾದರು. ಆದರೆ ಚೀಲವನ್ನು ಕೊಳ್ಳಲು ಒಟ್ಟಿಗೆ ಹಣ ಬೇಕು, ಇಡಲು ಒಣಗಿದ ಜಾಗ ಬೇಕು. ತೇವದ ಮೂಲೆಯಲ್ಲಿಟ್ಟ ಅಕ್ಕಿಗೆ ಹುಳು ಬಿದ್ದರೆ ಗಾದೆಯ ಮುಗ್ಗಿದ ಜೋಳವೇ ಗತಿ. ಹೊಸ ಅಕ್ಕಿ ಅಗ್ಗವೆಂದು ತಂದರೆ ಅನ್ನ ಮುದ್ದೆಯಾಗಿ, ಒದಗೂ ಕಡಿಮೆ.

ಹೀಗಿರುವಾಗ ಶೆಟ್ಟರ ಅಂಗಡಿ ಉಳಿದಿರುವುದು ಹೇಗೆ? ಅಲ್ಲಿ ಬೇಳೆಗೆ ಕಿಲೋಗೆ ನಾಲ್ಕು ರೂಪಾಯಿ ಹೆಚ್ಚೇ ಇದ್ದೀತು. ಆದರೆ ಒಮ್ಮೆ ಕಾರ್ಖಾನೆಯಲ್ಲಿ ಎರಡು ತಿಂಗಳು ಸಂಬಳ ನಿಂತಿತು. ಮಾರುಕಟ್ಟೆಯಲ್ಲಿ ಕೊಸರು ಕೊಡುವವಳು ಸಾಲ ಕೊಡುವಂತಿರಲಿಲ್ಲ. ದೊಡ್ಡ ಮಳಿಗೆಯ ಯಂತ್ರಕ್ಕೆ ಕಷ್ಟಸುಖ ತಿಳಿಯದು. ಆ ತಾಯಿ ಅಳುಕುತ್ತ ಬೀದಿಯ ಅಂಗಡಿಯ ಮುಂದೆ ನಿಂತಾಗ ಶೆಟ್ಟರು ಪುಸ್ತಕದಿಂದ ತಲೆಯೆತ್ತದೆಯೇ, "ಇರಲಿ ಬಿಡಿ ಅಮ್ಮ, ಸಾಮಾನು ತೆಗೆದುಕೊಂಡು ಹೋಗಿ. ಬಂದಾಗ ಕೊಡುವಿರಂತೆ," ಎಂದರು. ಅಂದಿನಿಂದ ಬೇಳೆ ಮತ್ತು ಎಣ್ಣೆಯನ್ನು ಆ ಮನೆಯವರು ಬೇರೆಡೆ ಕೊಂಡಿಲ್ಲ. ನಾಲ್ಕು ರೂಪಾಯಿ ಯಾವುದರ ಬೆಲೆಯೆಂದು ಅವರಿಗೆ ಗೊತ್ತು.

ಆದರೆ ಸಾಲದ ಪುಸ್ತಕದಲ್ಲಿಯೂ ಹೆಸರು ಸಿಕ್ಕದವರಿದ್ದಾರೆ. ಆ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ರಾಯಚೂರಿನ ಕಡೆಯಿಂದ ದುಡಿಮೆಗೆ ಬಂದವಳು. ಪಡಿತರ ಚೀಟಿಯನ್ನು ಊರಿನಲ್ಲಿ ಅತ್ತೆಮಾವಂದಿರ ಹೊಟ್ಟೆಗೆಂದು ಬಿಟ್ಟುಬಂದಿದ್ದಾಳೆ. ದಿನದ ಕೂಲಿಯಲ್ಲಿ ದಿನದ ಅಕ್ಕಿ, ಪುಟ್ಟ ಪೊಟ್ಟಣದ ಎಣ್ಣೆ. ತನ್ನ ಸೀಮೆಯಲ್ಲಿ ಬೆಳೆದ ಅಕ್ಕಿಗೆ ಆ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಕೊಡುತ್ತಿದ್ದವಳು ಅವಳೇ. ಕಡಿಮೆ ಹಣವುಳ್ಳವರು ಕಡಿಮೆ ಕೊಳ್ಳುತ್ತಾರೆ. ಕಡಿಮೆ ಕೊಂಡುದರಿಂದಲೇ ಹೆಚ್ಚು ತೆರುತ್ತಾರೆ.

ಕಳೆದ ವರ್ಷದಿಂದ ಆ ಬೀದಿಯ ಮೂರು ಮನೆಯವರು ಸೇರಿ ಯಶವಂತಪುರದಿಂದ ಅಕ್ಕಿಯ ಚೀಲ ತರಿಸತೊಡಗಿದ್ದಾರೆ. ಆಟೋವಿನ ಬಾಡಿಗೆ ಹಂಚಿಹೋಗುತ್ತದೆ. ಶ್ರೀನಗರದ ಆ ಮನೆಯ ಜಗಲಿಯ ಮೇಲೆ ಚೀಲ ಬಿಚ್ಚಿ ಅಳೆಯುವಾಗ ಪಾಲು ಮಾತ್ರ ನಾಲ್ಕು, ಒಂದೊಂದು ಆರೂವರೆ ಕಿಲೋ. ನಾಲ್ಕನೆಯದು ಪಾತ್ರೆ ತೊಳೆಯುವವಳದು. ಅದರ ಹಣವನ್ನು ಅವಳು ನಾಲ್ಕು ವಾರಗಳಲ್ಲಿ ತೀರಿಸುತ್ತಾಳೆ. ಕೊಳ್ಳುವ ದರದಲ್ಲಿ ಒಂದು ಪೈಸೆಯೂ ಹೆಚ್ಚಿಲ್ಲ.

ಮೊದಲ ಬಾರಿ ತೂಗಿಕೊಟ್ಟ ದಿನ ಅವಳು ಚೀಲದ ಮೇಲೆ ಅಚ್ಚಾಗಿದ್ದ ಊರಿನ ಹೆಸರನ್ನು ಮಗನಿಂದ ಓದಿಸಿದಳು. "ನಮ್ಮ ಕಡೀ ಅಕ್ಕಿ ಐತ್ರೀ ಅಮ್ಮಾ," ಎಂದಳು. ಅಳೆಯುತ್ತಿದ್ದ ಆ ತಾಯಿ ಅವಳ ಪಾಲಿನ ಮೇಲೆ ಇನ್ನೊಂದು ಬೊಗಸೆ ಕೊಸರು ಹಾಕಿದರು.